ನೋವಿಲ್ಲದ ಚುಕ್ಕೆ, ಕಲೆ: ಗದಗದ ತಮ್ಮನ ಪ್ರಶ್ನೆಗೆ ನಮ್ಮ ಅನುಭವ

ಪ್ರಶ್ನೆ, ಗದಗದಿಂದ:
ನನಗೆ 27 ವರ್ಷ. ಶಿಶ್ನದ ಚರ್ಮದ ಮೇಲೆ ಸಣ್ಣ ಸಣ್ಣ ಬಿಳಿ-ಹಳದಿ ಚುಕ್ಕೆಗಳಿವೆ. ನೋವಿಲ್ಲ, ತುರಿಕೆ ಇಲ್ಲ, ಕೀವಿಲ್ಲ. ಯಾವಾಗಿನಿಂದ ಇವೆ ಅಂತ ಸರಿಯಾಗಿ ಗೊತ್ತಿಲ್ಲ. ಈಚೆಗೆ ಪಕ್ಕದಲ್ಲೇ ಒಂದು ದುಂಡನೆಯ ಕಪ್ಪು ಕಲೆಯೂ ಕಾಣಿಸಿದೆ. ಮನೆಯಲ್ಲಿ ಮದುವೆ ಮಾತು ನಡೆದಿದೆ. ರಾತ್ರಿ ನಿದ್ದೆ ಬರುತ್ತಿಲ್ಲ. ಯಾರಿಗಾದರೂ ಹೀಗಾಗಿತ್ತಾ? ಏನು ಮಾಡಿದಿರಿ?

ಹುಬ್ಬಳ್ಳಿ, ವಿದ್ಯಾನಗರ:
ತಮ್ಮಾ, ಗಾಬರಿ ಆಗಬೇಡ. ಆ ಬಿಳಿ-ಹಳದಿ ಚುಕ್ಕೆಗಳು ನನಗೂ ಇವೆ. ಚರ್ಮ ಎಳೆದು ಹಿಡಿದರೆ ಎದ್ದು ಕಾಣುತ್ತವೆ, ಬಿಟ್ಟರೆ ಅಷ್ಟಾಗಿ ಕಾಣಲ್ಲ. ನಾನು ಇಲ್ಲಿನ ಕಿಮ್ಸ್ ಆಸ್ಪತ್ರೆಯ ಚರ್ಮ ವಿಭಾಗದಲ್ಲಿ ತೋರಿಸಿದೆ. ಡಾಕ್ಟರು ನೋಡಿದ ಮೇಲೆ ಕೈಗೆ ಕನ್ನಡಿ ಕೊಟ್ಟು, "ಮೇಲ್ದುಟಿ ಸ್ವಲ್ಪ ಎಳೆದು ನೋಡಿಕೊಳ್ಳಿ" ಅಂದರು. ನೋಡಿದರೆ ಅಲ್ಲೂ ಅವೇ, ರವೆ ಕಾಳಿನಂಥ ಹಳದಿ ಚುಕ್ಕೆಗಳು! ಇಷ್ಟು ವರ್ಷ ಮೀಸೆ ಕೆಳಗೇ ಇದ್ದವು, ಗಮನಿಸಿರಲಿಲ್ಲ ಅಷ್ಟೇ. ಇವು ಎಣ್ಣೆ ಗ್ರಂಥಿಗಳು. ಬೇರೆ ಕಡೆ ಕೂದಲಿನ ಬುಡದಲ್ಲಿ ಇರುತ್ತವೆ, ಇಲ್ಲಿ ಕೂದಲಿಲ್ಲದೆ ಬರೀ ಗ್ರಂಥಿ ಇರುತ್ತದೆ. 1896ರಲ್ಲಿ ಇವನ್ನು ವಿವರಿಸಿದ ಅಮೆರಿಕದ ಚರ್ಮವೈದ್ಯರ ಹೆಸರಿನಿಂದ ಫೋರ್ಡೈಸ್ ಚುಕ್ಕೆ ಅಂತಾರೆ. ಅಂಟಲ್ಲ, ಔಷಧಿ ಬೇಕಿಲ್ಲ, ಮದುವೆಗೆ ಅಡ್ಡಿ ಇಲ್ಲ. ದಯವಿಟ್ಟು ಹಿಸುಕಬೇಡ. ಹಿಸುಕಿದರೆ ಇಲ್ಲದ ಗಾಯ ಆಗುತ್ತದೆ.

ಶಿಶ್ನದ ತಲೆಯ ಭಾಗದ ಅಂಚಿನಲ್ಲಿ ಸಾಲಾಗಿ ಸಣ್ಣ ಗುಳ್ಳೆಗಳಿದ್ದರೆ ಅದು ಬೇರೆ, ಆದರೆ ಅದೂ ಸಹಜವೇ, ರೋಗವಲ್ಲ. ಸ್ವಚ್ಛ ಇಲ್ಲದ್ದಕ್ಕೆ ಬಂತು ಅಂತ ಸೋಪು ಹಾಕಿ ತಿಕ್ಕುವವರಿದ್ದಾರೆ. ಏನೂ ಪ್ರಯೋಜನ ಇಲ್ಲ.

ಹಾವೇರಿ, ಔಷಧ ಅಂಗಡಿ:
ಮೇಲಿನ ಅಣ್ಣ ಹೇಳಿದ್ದು ಸರಿ. ನಾನು ಕಪ್ಪು ಕಲೆ ಬಗ್ಗೆ ಹೇಳುತ್ತೇನೆ. ತಮ್ಮಾ, ಕಲೆ ಕಾಣುವ ಮೊದಲು ಜ್ವರಕ್ಕೋ ಭೇದಿಗೋ ಮೈಕೈ ನೋವಿಗೋ ಮಾತ್ರೆ ತಗೊಂಡಿದ್ದೆಯಾ, ನೆನಪು ಮಾಡಿಕೋ. ಕೆಲವರಿಗೆ ಒಂದೊಂದು ಮಾತ್ರೆ ಆಗಿಬರಲ್ಲ. ಕೋಟ್ರಿಮಾಕ್ಸಜೋಲ್, ಡಾಕ್ಸಿಸೈಕ್ಲಿನ್, ಭೇದಿಗೆ ಕೊಡುವ ಟಿನಿಡಜೋಲ್, ಕೆಲವು ನೋವಿನ ಮಾತ್ರೆಗಳು, ಹೀಗೆ. ತಗೊಂಡ ಕೆಲವೇ ಗಂಟೆಗಳಲ್ಲೋ ಒಂದೆರಡು ದಿನದಲ್ಲೋ ದುಂಡಗೆ ಕೆಂಪಾಗುತ್ತದೆ, ಕೆಲವರಿಗೆ ಉರಿಯೂ ಇರುತ್ತದೆ. ಆಮೇಲೆ ಕಪ್ಪಗೆ ಉಳಿಯುತ್ತದೆ. ಇನ್ನೊಮ್ಮೆ ಅದೇ ಮಾತ್ರೆ ತಗೊಂಡರೆ ಅದೇ ಜಾಗದಲ್ಲಿ ಬರುತ್ತದೆ. ಶಿಶ್ನ ಮತ್ತು ತುಟಿ ಇದಕ್ಕೆ ಸಾಮಾನ್ಯ ಜಾಗಗಳು. ಪಾಪ, ಎಷ್ಟೋ ಜನ ಇದನ್ನು ಲೈಂಗಿಕ ರೋಗ ಅಂದುಕೊಂಡು ಒಳಗೊಳಗೇ ಕೊರಗುತ್ತಾರೆ. ಮಾತ್ರೆಯ ಖಾಲಿ ಸ್ಟ್ರಿಪ್ ಇದ್ದರೆ ಡಾಕ್ಟರಿಗೆ ತೋರಿಸು. ಅದೇ ಅಂತ ಗೊತ್ತಾದರೆ ಹೆಸರು ಬರೆದು ಪಾಕೀಟಿನಲ್ಲಿ ಇಟ್ಟುಕೋ. ಮುಂದೆ ಯಾವ ಡಾಕ್ಟರ ಹತ್ತಿರ ಹೋದರೂ ಮೊದಲು ಅದನ್ನು ಹೇಳು.

ಇನ್ನೊಂದು ಮಾತು. ಅಂಗಡಿಗೆ ದಿನಾ ಯಾರಾದರೂ ಬಂದು ಮೆಲ್ಲಗೆ "ಆ ಜಾಗಕ್ಕೆ ಒಂದು ಟ್ಯೂಬ್ ಕೊಡ್ರಿ" ಅಂತಾರೆ. ಗಜಕರ್ಣಕ್ಕೆ ಅಂತ ಮಾರುವ ಮಿಶ್ರ ಮುಲಾಮುಗಳಲ್ಲಿ ಜೋರಾದ ಸ್ಟೀರಾಯ್ಡ್ ಇರುತ್ತದೆ. ಆ ಜಾಗದ ಚರ್ಮ ಮೊದಲೇ ತೆಳು. ಹಚ್ಚಿದಾಗ ಆರಾಮ ಅನಿಸುತ್ತದೆ, ಹಚ್ಚುತ್ತಾ ಹೋದರೆ ಚರ್ಮ ಇನ್ನಷ್ಟು ತೆಳುವಾಗುತ್ತದೆ, ಇದ್ದ ಸೋಂಕು ಹರಡುತ್ತದೆ. 2018ರಲ್ಲಿ ಸರ್ಕಾರ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು. ಡಾಕ್ಟರ ಚೀಟಿ ಇಲ್ಲದೆ ಕೊಡುವ ಹಾಗಿಲ್ಲ. ಕೇಳಲೂ ಬೇಡ, ಗೆಳೆಯ ಕೊಟ್ಟರೂ ಹಚ್ಚಬೇಡ.

ಧಾರವಾಡ:
ನನಗೆ ಅರವತ್ತು ದಾಟಿದೆ. ವೃಷಣದ ಚೀಲದ ಮೇಲೆ ಕೆಂಪು-ನೇರಳೆ ಚುಕ್ಕೆಗಳಿವೆ. ರಕ್ತನಾಳ ಹಿಗ್ಗಿ ಆಗುವಂಥವು, ಬಿಟ್ಟುಬಿಡಿ ಅಂದರು. ಉಗುರು ತಾಗಿದರೆ ರಕ್ತ ಬರುತ್ತದೆ, ಅಷ್ಟೇ.

ಗದಗ, ಬೆಟಗೇರಿ:
ಎಲ್ಲರೂ ಧೈರ್ಯ ಹೇಳಿದ್ದೀರಿ, ಒಳ್ಳೆಯದೇ. ಆದರೆ "ನೋವಿಲ್ಲ, ಹಾಗಾಗಿ ಏನೂ ಇಲ್ಲ" ಅಂತ ಯಾರೂ ತಿಳಿಯಬೇಡಿ. ನನ್ನ ಗೆಳೆಯನಿಗೆ ಒಂದೇ ಒಂದು ಹುಣ್ಣಾಗಿತ್ತು. ಮುಟ್ಟಿದರೆ ಗಟ್ಟಿ, ನೋವು ಮಾತ್ರ ಇಲ್ಲವೇ ಇಲ್ಲ. ಔಷಧಿ ಇಲ್ಲದೆ ತಾನೇ ಮಾಯಿತು. ವಾಸಿಯಾಯಿತು ಅಂತ ಸುಮ್ಮನಾದ. ಆಮೇಲೆ ಅಂಗೈ, ಅಂಗಾಲಿನಲ್ಲಿ ತುರಿಕೆ ಇಲ್ಲದ ಕೆಂಪು-ಕಂದು ಕಲೆಗಳು ಎದ್ದವು. ರಕ್ತ ಪರೀಕ್ಷೆ ಮಾಡಿಸಿದಾಗ ಸಿಫಿಲಿಸ್ ಎಂಬ ಲೈಂಗಿಕ ರೋಗ ಅಂತ ಗೊತ್ತಾಯಿತು. ಈ ರೋಗದ ರೀತಿಯೇ ಇದು: ಸಂಪರ್ಕ ಆಗಿ ಸುಮಾರು 3 ವಾರಕ್ಕೆ ಹುಣ್ಣು ಬರುತ್ತದೆ, ಕೆಲವರಿಗೆ 90 ದಿನದವರೆಗೂ ತಡ ಆಗಬಹುದು. 3ರಿಂದ 6 ವಾರದಲ್ಲಿ ತಾನೇ ಹೋಗುತ್ತದೆ. ರೋಗ ಮಾತ್ರ ಒಳಗೇ ಇರುತ್ತದೆ. ಪೆನಿಸಿಲಿನ್ ಇಂಜೆಕ್ಷನ್ನಿನಿಂದ ಅವನಿಗೆ ಗುಣವಾಯಿತು. ಹೆಂಡತಿಗೂ ಪರೀಕ್ಷೆ, ಚಿಕಿತ್ಸೆ ಮಾಡಿಸಿದರು. ಆ ಮಾತು ಹೇಳುವುದು ಅವನಿಗೆ ಇಂಜೆಕ್ಷನ್ನಿಗಿಂತ ಕಷ್ಟವಾಯಿತು, ಆದರೂ ಹೇಳಿದ. ಅದಕ್ಕೆ ಅವನ ಮೇಲೆ ನನಗೆ ಗೌರವ.

ಹೂಕೋಸಿನ ಹಾಗೆ ಒರಟಾಗಿ ಬೆಳೆಯುವ ನರಹುಲಿಗೂ, ನಡುವೆ ತಗ್ಗಿರುವ ಹೊಳೆಯುವ ಗುಳ್ಳೆಗೂ ನೋವಿರಲ್ಲ. ಎರಡೂ ಅಂಟುತ್ತವೆ. ಚರ್ಮ ಬೆಳ್ಳಗಾಗಿ ಮುಂದೊಗಲು ಬಿಗಿಯಾಗುತ್ತಾ ಬಂದರೆ, ಕಲೆ ದೊಡ್ಡದಾಗುತ್ತಿದ್ದರೆ, ಬಣ್ಣ ಬದಲಾದರೆ, ಹುಣ್ಣು ಮಾಯದೆ ಉಳಿದರೆ ತಡ ಮಾಡಬೇಡಿ. ಬಹಳ ಅಪರೂಪಕ್ಕೆ ಕ್ಯಾನ್ಸರೂ ಹಾಗೆ ಶುರುವಾಗುತ್ತದೆ.

ಪ್ರಶ್ನೆ ಕೇಳಿದ ತಮ್ಮಾ, ನಿನ್ನ ಬಿಳಿ ಚುಕ್ಕೆಗಳ ವಿವರ ಕೇಳಿದರೆ ಹುಬ್ಬಳ್ಳಿಯವರು ಹೇಳಿದ್ದೇ ಅನಿಸುತ್ತದೆ. ಆದರೆ ಕಪ್ಪು ಕಲೆ ಹೊಸದು. ಅದನ್ನು ಕಣ್ಣಾರೆ ನೋಡಿದವರೇ ಹೇಳಬೇಕು, ಬರೆದದ್ದು ಓದಿ ನಾವು ಹೇಳುವುದಲ್ಲ. ಚರ್ಮದ ಡಾಕ್ಟರೇ ಲೈಂಗಿಕ ರೋಗಗಳನ್ನೂ ನೋಡುತ್ತಾರೆ. ಹಾಗಾಗಿ ನಮ್ಮ ಗದಗದ ಜಿಮ್ಸ್ ಆಸ್ಪತ್ರೆಯಲ್ಲಿ ಚೀಟಿ ಮಾಡಿಸುವಾಗ "ಚರ್ಮ ವಿಭಾಗ" ಅಂದರೆ ಸಾಕು, ಕೌಂಟರಿನಲ್ಲಿ ಮಿಕ್ಕಿದ್ದೇನೂ ಹೇಳಬೇಕಿಲ್ಲ. ಊರಲ್ಲಿ ಯಾರಾದರೂ ನೋಡ್ತಾರೆ ಅನ್ನೋ ಸಂಕೋಚ ಇದ್ದರೆ ಹುಬ್ಬಳ್ಳಿಗೆ ಹೋಗು. ಜಿಲ್ಲಾ ಆಸ್ಪತ್ರೆಗಳಲ್ಲಿ ಲೈಂಗಿಕ ರೋಗಗಳಿಗೆ ಸುರಕ್ಷಾ ಕ್ಲಿನಿಕ್ ಅಂತ ಇರುತ್ತದೆ, ಅಲ್ಲಿ ಸಲಹೆ ಮತ್ತು ಚಿಕಿತ್ಸೆ ಉಚಿತ, ವಿಷಯ ಗುಟ್ಟಾಗಿರುತ್ತದೆ. ಮೊದಲು ಫೋನಿನಲ್ಲಿ ಕೇಳಬೇಕು ಅನಿಸಿದರೆ 1097ಕ್ಕೆ ಮಾಡು, ಅದು ಸರ್ಕಾರದ ಏಡ್ಸ್ ಸಹಾಯವಾಣಿ, ಲೈಂಗಿಕ ರೋಗಗಳ ಬಗ್ಗೆಯೂ ಕೇಳಬಹುದು. ಯಾರ ಜೊತೆಗಾದರೂ ಸಂಪರ್ಕ ಆಗಿದ್ದರೆ ಡಾಕ್ಟರಿಗೆ ನೇರವಾಗಿ ಹೇಳು, ಯಾವ ಪರೀಕ್ಷೆ ಬೇಕು ಅಂತ ಅವರು ತೀರ್ಮಾನಿಸುವುದು ಅದರ ಮೇಲೆ. ಹೋಗುವ ದಿನ ಏನೂ ಹಚ್ಚಿಕೊಂಡು ಹೋಗಬೇಡ, ಕಲೆ ಇದ್ದ ಹಾಗೇ ಅವರಿಗೆ ಕಾಣಬೇಕು.