ಸಹಾಯ ಬೇಕು: ಸರಳ ಬಡ್ಡಿ ಲೆಕ್ಕ ಹೇಳಿಕೊಡುವವರು

ಎಲ್ಲರಿಗೂ ನಮಸ್ಕಾರ. ನನ್ನ ತಂಗಿ ಎಂಟನೇ ಕ್ಲಾಸು, ಕನ್ನಡ ಮೀಡಿಯಂ. ಅಸಲು, ದರ, ವರ್ಷ ಕೊಟ್ಟರೆ ಮೂರನ್ನೂ ಗುಣಿಸಿ 100ರಿಂದ ಭಾಗಿಸಿ ಬಡ್ಡಿ ತೆಗೆಯುತ್ತಾಳೆ. ಸಮೀಕರಣವೂ ಸಲೀಸು. ಎರಡೂ ಸೇರಿದರೆ ಪೆನ್ಸಿಲ್ ನಿಂತುಬಿಡುತ್ತದೆ.

ನಿನ್ನೆಯ ಲೆಕ್ಕ ನೋಡಿ: ವರ್ಷಕ್ಕೆ 8% ಸರಳ ಬಡ್ಡಿಯಲ್ಲಿ 5 ವರ್ಷಕ್ಕೆ ಒಟ್ಟು 7,000 ರೂಪಾಯಿ ಆಯಿತು, ಅಸಲು ಎಷ್ಟು? ಅವಳು 7,000ಕ್ಕೇ ಬಡ್ಡಿ ಹಾಕಿದಳು. ಅಸಲು ಎಕ್ಸ್ ಅಂದುಕೊಂಡರೆ ಬಡ್ಡಿ 40ಎಕ್ಸ್/100, ಒಟ್ಟು 140ಎಕ್ಸ್/100, ಹಾಗಾಗಿ ಅಸಲು 5,000 ಅಂತ ಬಿಡಿಸಿ ತೋರಿಸಿದೆ. ತಲೆ ಆಡಿಸಿದಳು. ಆದರೆ ಎಲ್ಲಿ ಎಕ್ಸ್ ಇಡಬೇಕು ಅಂತ ಅವಳಿಗೇ ಹೊಳೆಯಬೇಕು, ಅಲ್ವಾ?

ಸುಮ್ನೆ ಸೂತ್ರ ಬಾಯಿಪಾಠ ಮಾಡಿಸುವ ಟ್ಯೂಷನ್ ಬೇಡ. ವಿಜಯನಗರ, ಅತ್ತಿಗುಪ್ಪೆ ಕಡೆ ಭಾನುವಾರ ಕೂತು ಹೇಳಿಕೊಡುವವರು ಇದ್ದರೆ ದಯವಿಟ್ಟು ಮೆಸೇಜ್ ಮಾಡಿ. ಫೀಸ್ ಕೊಡುತ್ತೇವೆ.