ಬೋರ್ಡೋಗೆ ಕಲ್ಲುಸುಣ್ಣವೋ, ಪುಡಿಸುಣ್ಣವೋ? ಮಾಡಿದವರು ಹೇಳಿ

ಕೇಳಿದವರು, ಹೊಸನಗರ: ಒಂದೆಕರೆ ಅಡಿಕೆ. ಈ ಸಲ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ, ಅಂದರೆ ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣದ ದ್ರಾವಣ, ನಾನೇ ಕಲೆಸಬೇಕು. ನೀರು ತಾಗಿ ಕಲ್ಲುಸುಣ್ಣ ಕುದಿಯುವುದು ನೋಡಿದರೆ ಭಯ. ಮೊದಲೇ ಅರಳಿಸಿದ ಪುಡಿಸುಣ್ಣ ಸಾಕಾ?

ತೀರ್ಥಹಳ್ಳಿ: ಕುದಿಯಬೇಕು ಮಾರಾಯ್ರೆ, ಅದೇ ಪರೀಕ್ಷೆ. ಹೋದ ಮಳೆಗಾಲದಲ್ಲಿ ಒಂದು ಅಂಗಡಿಯವರು ಕೊಟ್ಟ ಕಲ್ಲುಸುಣ್ಣ ಬಿಸಿಯೇ ಆಗಲಿಲ್ಲ. ತೇವ ಕುಡಿದು ಚೀಲದಲ್ಲೇ ಅರಳಿ ಶಾಖ ಬಿಟ್ಟಾಗಿತ್ತು. ಗಾಳಿ ತಾಗಿ ಅರ್ಧ ಸೀಮೆಸುಣ್ಣ. ಕಲೆಸಿ ಕತ್ತಿ ಅದ್ದಿದೆ, ಅಲಗಿನ ಮೇಲೆ ತಾಮ್ರ ಕೆಂಪಗೆ ಕೂತಿತು, ಅಂದರೆ ಸುಣ್ಣ ಸಾಲಲಿಲ್ಲ. ಅದನ್ನು ಹೊಡೆದಿದ್ದರೆ ಕಾಯಿ ಸುಡುತ್ತಿತ್ತು. ಡ್ರಮ್ಮಿನ ಮೈಲುತುತ್ತ ಪೂರ್ತಿ ಹೋಯಿತು. ಮರ ಹತ್ತಿ ಮದ್ದು ಹೊಡೆಯುವ ಕೊನೆಗಾರನಿಗೆ ಸುಮ್ನೆ ಕೂತ ದಿನದ ಕೂಲಿ, ಊಟ. ಶಿವಮೊಗ್ಗದಿಂದ ಹೊಸ ಸುಣ್ಣ ತರಲು ಜೀಪ್ ಬಾಡಿಗೆ. ತರುವಷ್ಟರಲ್ಲಿ ಮಳೆ ಹಿಡಿಯಿತು. ಅಂಗಡಿಯವರು ಒಂದು ರೂಪಾಯಿ ವಾಪಸ್ ಕೊಡಲಿಲ್ಲ.

ಸಾಗರ: ನಮ್ಮಲ್ಲಿ ಪುಡಿಸುಣ್ಣವೇ. ಕಲ್ಲುಸುಣ್ಣದ ರಾಶಿಗೆ ನಮ್ಮ ಆಳು ಒಂದು ಚೊಂಬು ನೀರು ಹೊಯ್ದ. ಸಿಡಿದು ಕಣ್ಣಿಗೆ ಬಿತ್ತು. ಕಣ್ಣು ಉಳಿಯಿತು, ಆದರೆ ಆಸ್ಪತ್ರೆ, ಕಾರು ಬಾಡಿಗೆ, ಅವನ ಮನೆ ಖರ್ಚು ಸೇರಿ ಆ ವರ್ಷದ ಚಾಲಿ (ಒಣ ಅಡಿಕೆ) ದುಡ್ಡು ಅಲ್ಲಿಗೇ ಆಯಿತು. ಅವನ ಹೆಂಡತಿ ಎದುರು ನಿಂತು ಮಾತಾಡಿದ್ದು ನಾನು. ಹೊಸ ಪ್ಯಾಕೆಟ್ ಒಡೆದು, 1 ಕೆಜಿ ಕಲ್ಲುಸುಣ್ಣದ ಬದಲು 1.3 ಕೆಜಿ ಪುಡಿ ಹಾಕುತ್ತೇನೆ, ಪುಡಿಯ ತೂಕದಲ್ಲಿ ನೀರು ಸೇರಿರುತ್ತದೆ. ಕೊಳೆ ಬಂದಿಲ್ಲ.

ತೀರ್ಥಹಳ್ಳಿ: ಸಾಗರದಲ್ಲಿ ನಮ್ಮಷ್ಟು ಮಳೆ ಎಲ್ಲಿ? ಆಗುಂಬೆ ಕಡೆ ಬಂದು ಹೇಳಿ.

ಸಾಗರ: ಮಳೆ ನಿಮ್ಮೊಬ್ಬರ ಆಸ್ತಿಯಾ? ಕಣ್ಣಿನ ವಿಷಯ ಹೇಳಿದರೆ ಮಳೆ ಲೆಕ್ಕ ಕೊಡ್ತೀರಲ್ಲ.

ಕೊಪ್ಪ: ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿದವನು ನಾನು. ಕೇಳಿ. 1 ಕೆಜಿ ಶುದ್ಧ ಕಲ್ಲುಸುಣ್ಣ ಅರಳುವಾಗ ಸುಮಾರು 1,150 ಕಿಲೋಜೂಲ್ ಶಾಖ ಹೊರಬರುತ್ತದೆ. ಆ ಶಾಖ 10 ಲೀಟರ್ ನೀರಿಗೆ ಹೋದರೆ 27 ಡಿಗ್ರಿ ಏರುತ್ತದೆ, ಅಷ್ಟೇ. 2 ಲೀಟರಿಗೆ ಹೋದರೆ ಕೊತಕೊತ ಕುದಿಯುತ್ತದೆ. ಚೊಂಬು ನೀರು ಹೊಯ್ದರೆ ಸಿಡಿಯದೆ ಇನ್ನೇನು? ಜಾಸ್ತಿ ನೀರಿಗೆ ಸುಣ್ಣವನ್ನು ಸ್ವಲ್ಪಸ್ವಲ್ಪ ಹಾಕಿ, ಕನ್ನಡಕ ಹಾಕಿಕೊಳ್ಳಿ. ಮೈಲುತುತ್ತದ ನೀಲಿ ಹರಳು ಉಲ್ಟಾ, ಕರಗುವಾಗ ನೀರಿನ ಶಾಖವನ್ನೇ ಎಳೆದುಕೊಳ್ಳುತ್ತದೆ. ಆದರೆ 10 ಲೀಟರಿಗೆ 1 ಕೆಜಿ ಹಾಕಿದರೂ ಇಳಿಯುವುದು ಒಂದು ಡಿಗ್ರಿಯಷ್ಟೇ. ಅದರ ತಂಪನ್ನು ನಂಬಿ ಬಿಸಿ ಸುಣ್ಣದ ಹಾಲಿಗೆ ಬೆರೆಸಬೇಡಿ. ಬಿಸಿಗೆ ತಾಮ್ರ ಕಪ್ಪಾಗಿ ದಪ್ಪ ಕಣ ಕಟ್ಟುತ್ತದೆ, ತಳ ಸೇರುತ್ತದೆ, ಕಾಯಿಗೆ ಅಂಟುವುದಿಲ್ಲ. ಪೂರ್ತಿ ಆರಿದ ಮೇಲೆಯೇ ಬೆರೆಸಿ.

ತೀರ್ಥಹಳ್ಳಿ: ಆರಲು ಬಿಡುವಷ್ಟು ಹೊಳವು (ಮಳೆ ಬಿಡುವು) ಯಾರಿಗೆ ಸಿಗುತ್ತದೆ ಸಾರ್?

ಕೊಪ್ಪ: ಹಿಂದಿನ ರಾತ್ರಿಯೇ ಸುಣ್ಣ ಅರಳಿಸಿ ಮುಚ್ಚಿಡಿ.

ಸಾಗರ: ನೋಡಿ, ಪುಡಿಸುಣ್ಣಕ್ಕೆ ಈ ಕಾಯುವುದೇ ಇಲ್ಲ.

ಶೃಂಗೇರಿ: ಅಂಟಿಗೆ ರಾಳ ಹಾಕದೆ ಯಾವ ಸುಣ್ಣದ ಮದ್ದೂ ಮಳೆಗೆ ನಿಲ್ಲಲ್ಲ. ಯಾರೂ ಅದರ ಸುದ್ದಿ ಎತ್ತಲಿಲ್ಲ.

ತೀರ್ಥಹಳ್ಳಿ: ರಾಳ ಹಾಕಿ ನನ್ನ ದೋಟಿಯ (ಮದ್ದು ಹೊಡೆಯುವ ಉದ್ದ ಕೋಲಿನ) ನಾಜಲ್ ಕಟ್ಟಿತು, ರಿಪೇರಿಗೆ ಕೊಟ್ಟ ದುಡ್ಡು ನೀವು ಕೊಡ್ತೀರಾ?

ಶೃಂಗೇರಿ: ಸೋಸದೆ ಹಾಕಿದರೆ ಕಟ್ಟುತ್ತದೆ. ನನ್ನದು ಇನ್ನೂ ಒಮ್ಮೆಯೂ ಕಟ್ಟಿಲ್ಲ.