ಹಾಲು ಇಳೀತಿದೆ, ಹಸು ಇಡೀ ದಿನ ಕಾಲು ಬಡೀತಿದೆ. ಏನು ಮಾಡ್ಲಿ?

ಕೊಟ್ಟಿಗೆಮನೆ:
ನಮ್ಮದು ತೀರ್ಥಹಳ್ಳಿ ಕಡೆ. ಎರಡು ಎಚ್ಎಫ್ ಕ್ರಾಸ್ (ಹೋಲ್‌ಸ್ಟೀನ್ ಫ್ರೀಸಿಯನ್ ಮಿಶ್ರತಳಿ) ಹಸು, ಒಂದು ಮಲೆನಾಡು ಗಿಡ್ಡ ತಳಿಯ ದನ, ಒಂದು ಕರು. 20 ದಿನದಿಂದ ದೊಡ್ಡ ಹಸುವಿನ ಬೆಳಗಿನ ಹಾಲು 7 ಲೀಟರಿಂದ 5ಕ್ಕೆ ಇಳಿದಿದೆ. ಹಿಂಡಿ, ಹುಲ್ಲು ಬದಲಾಗಿಲ್ಲ. ಕೆಚ್ಚಲಲ್ಲಿ ಬಾವು ಇಲ್ಲ, ಹಾಲು ಒಡೆಯೋದಿಲ್ಲ. ಆದರೆ ಕರೆಯೋಕೆ ಕೂತರೆ ಕಾಲು ಎತ್ತೆತ್ತಿ ಬಡಿಯುತ್ತೆ, ಮಲಗೋದೇ ಇಲ್ಲ. ನೊಣ ವಿಪರೀತ. ಅಂಗಡಿಯಿಂದ ತಂದ ಔಷಧಿ ಎರಡು ಸಲ ಮೈಗೆ ಹೊಡೆದೆ. ಅರ್ಧ ದಿನ ಕಡಿಮೆ, ಆಮೇಲೆ ಮತ್ತೆ ಅಷ್ಟೇ.

ದನದಡಾಕ್ಟ್ರು:
ನೊಣ ಎಲ್ಲಿ ಕೂರುತ್ತೆ ಅಂತ ಮೊದಲು ನೋಡಿ ಹೇಳಿ. ಮುಖ, ಕಣ್ಣಿನ ಸುತ್ತ ಮುತ್ತಿದರೆ ಬೇರೆ ಮಾತು. ಮೊಣಕಾಲಿಂದ ಕೆಳಗೆ, ತಲೆ ಮೇಲೆ ಮಾಡಿ ಕೂತಿದ್ದರೆ ಅದು ಮನೆನೊಣ ಅಲ್ಲ. ನೋಡೋಕೆ ಮನೆನೊಣದ ಹಾಗೇ ಇರುತ್ತೆ, ಆದರೆ ಮೂತಿಯಿಂದ ಕಪ್ಪು ಸೂಜಿ ಮುಂದಕ್ಕೆ ಚಾಚಿರುತ್ತೆ. ಸ್ಟೊಮಾಕ್ಸಿಸ್ ಅಂತ ಅದರ ಹೆಸರು. ಗಂಡು ಹೆಣ್ಣು ಎರಡೂ ರಕ್ತ ಕುಡಿಯುತ್ತವೆ.

ಕೊಟ್ಟಿಗೆಮನೆ:
ಕಾಲಲ್ಲೇ ಡಾಕ್ಟ್ರೇ. ಮುಂಗಾಲು ಒಂದರಲ್ಲೇ ಹತ್ತು ಹನ್ನೆರಡು ಎಣಿಸಿದೆ. ಸೂಜಿನೂ ಕಾಣಿಸ್ತು.

ದನದಡಾಕ್ಟ್ರು:
ಹಾಗಾದರೆ ಹಾಲು ಇಳಿದಿದ್ದಕ್ಕೆ ಅದೇ ಕಾರಣ ಇರಬಹುದು. ಹೋದ ರಕ್ತಕ್ಕಿಂತ ನೋವಿಂದ ಆಗೋ ನಷ್ಟ ದೊಡ್ಡದು. ಕಾಲು ಬಡಿಯೋ ಹಸು ಮೇಯೋದು ಕಡಿಮೆ, ಮಲಗಿ ಮೆಲುಕು ಹಾಕೋದು ಇನ್ನೂ ಕಡಿಮೆ.

ಮೈಗೆ ಹೊಡೆದ ಔಷಧಿ ಯಾಕೆ ನಿಲ್ಲಲಿಲ್ಲ ಅಂದರೆ, ಈ ನೊಣ ಹಸುವಿನ ಮೇಲೆ ಇರೋದೇ ಕೆಲವು ನಿಮಿಷ. ಕುಡಿದು ಹೋಗಿ ಗೋಡೆ, ಕಂಬದ ಮೇಲೆ ಕೂರುತ್ತೆ. ಒದ್ದೆ ಕಾಲಿನಿಂದ ಔಷಧಿನೂ ಬೇಗ ತೊಳೆದು ಹೋಗುತ್ತೆ. ಹುಟ್ಟೋ ಜಾಗ ಹುಡುಕಿ. ಕೊಟ್ಟಿಗೆಗೆ ಸೊಪ್ಪು ಹಾಸ್ತೀರಾ?

ಕೊಟ್ಟಿಗೆಮನೆ:
ಹೌದು, ದರಗು (ಒಣಗಿದ ಎಲೆ), ಹಸಿಸೊಪ್ಪು ಎರಡೂ. ಮಳೆ ಅಂತ ತಿಂಗಳಿಂದ ಅಡಿಭಾಗ ತೆಗೆದಿಲ್ಲ. ಮೇಲಿಂದ ಮೇಲೆ ಹಾಸ್ತಾ ಬಂದಿದ್ದೇವೆ.

ದನದಡಾಕ್ಟ್ರು:
ಅಲ್ಲೇ ಇದೆ. ಬರೀ ಸಗಣಿಗಿಂತ ಗಂಜಲ, ಸಗಣಿ ಸೇರಿ ಕೊಳೆಯೋ ಸೊಪ್ಪು-ಹುಲ್ಲು ಇದಕ್ಕೆ ಬಹಳ ಇಷ್ಟ. ಗೋದಲಿ ಕೆಳಗೆ ಬಿದ್ದ ಹುಲ್ಲೂ ಸಾಕು. ಬೆಚ್ಚಗಿನ ಹವೆಯಲ್ಲಿ ಮೊಟ್ಟೆಯಿಂದ ನೊಣ ಆಗೋಕೆ ಎರಡು ಮೂರು ವಾರ. ಅಷ್ಟರೊಳಗೆ ಎರಡು ಸಲ ಬುಡಸಮೇತ ಎತ್ತಿದರೆ ಹುಳು ನೊಣ ಆಗೋಲ್ಲ. ಎತ್ತಿದ್ದನ್ನು ಗೊಬ್ಬರಗುಂಡಿಗೆ ಹಾಕಿ ಹಾಗೇ ಬಿಟ್ಟರೆ ಜಾಗ ಬದಲಾಯಿತು ಅಷ್ಟೇ. ಟಾರ್ಪಾಲು ಬಿಗಿಯಾಗಿ ಮುಚ್ಚಿ, ಒಳಗಿನ ಕಾವಿಗೆ ಹುಳು ಸಾಯುತ್ತೆ. ಸೊಪ್ಪು ಹಾಸೋದು ಬಿಡಿ ಅಂತ ಹೇಳ್ತಿಲ್ಲ, ತೋಟಕ್ಕೆ ಆ ಗೊಬ್ಬರ ಬೇಕೇ ಬೇಕು.

ಅಡಿಕೆಮರ:
ಫ್ಯಾನ್ ಹಾಕಿ ನೋಡಿ ಅಣ್ಣ. ಕಾಲಿನ ಮಟ್ಟಕ್ಕೆ ಜೋರು ಗಾಳಿ ಬಿದ್ದರೆ ಕೂರೋಕೆ ಒದ್ದಾಡುತ್ತೆ. ನಮ್ಮಲ್ಲಿ ಕರೆಯೋ ಹೊತ್ತಲ್ಲಿ ಅದೇ ಕಾಪಾಡಿದ್ದು. ನೀಲಿ ಬಟ್ಟೆಗೂ ಇವು ಬರ್ತವೆ, ಅಂಟು ಬಳಿದು ಹೊರಗೆ ಕಟ್ಟಿದ್ದೆವು.

ಕೊಟ್ಟಿಗೆಮನೆ:
ಇನ್ನೊಂದು. ಗಿಡ್ಡಕ್ಕೆ ಮೊನ್ನೆ ಜ್ವರ ಬಂದು ಇಳಿದಿತ್ತು, ಇವತ್ತು ಮತ್ತೆ ಬಂದಿದೆ. ಬಯಲಲ್ಲಿ ಮಧ್ಯಾಹ್ನ ದೊಡ್ಡ ಕುದುರೆನೊಣಗಳೂ ಕಚ್ಚುತ್ತವೆ.

ದನದಡಾಕ್ಟ್ರು:
ಇದನ್ನು ಮಾತ್ರ ನಾಳೆಗೆ ಬಿಡಬೇಡಿ. ಬಿಟ್ಟು ಬಿಟ್ಟು ಬರೋ ಜ್ವರ ಅಂದರೆ ಸರ್ರಾ ಇರಬಹುದು, ಅದು ರಕ್ತಕ್ಕೆ ಸೇರೋ ರೋಗಾಣುವಿನಿಂದ ಬರೋ ಕಾಯಿಲೆ. ಕುದುರೆನೊಣ ಕಚ್ಚುವಾಗ ದನ ಬಾಲ ಬೀಸಿ ಓಡಿಸುತ್ತೆ, ಅರ್ಧ ಹೊಟ್ಟೆಯ ನೊಣ ರಕ್ತ ಹತ್ತಿದ ಬಾಯಲ್ಲೇ ಪಕ್ಕದ ದನಕ್ಕೆ ಕೂರುತ್ತೆ. ರೋಗಾಣು ಹಾಗೆ ದಾಟುತ್ತೆ. ಉಣ್ಣೆ (ಉಣುಗು) ಹುಳು ಕಚ್ಚಿ ಬರೋ ಜ್ವರಗಳೂ ಇವೆ, ಊಹೆ ಮೇಲೆ ಇಂಜೆಕ್ಷನ್ ಕೊಡಿಸಬೇಡಿ. ಜ್ವರ ಇರುವಾಗಲೇ ವೈದ್ಯರನ್ನು ಕರೆಸಿ, ಕಿವಿಯಿಂದ ರಕ್ತದ ಸ್ಮಿಯರ್ (ಸೂಕ್ಷ್ಮದರ್ಶಕದಲ್ಲಿ ನೋಡೋಕೆ ಗಾಜಿನ ಮೇಲೆ ಹರಡಿದ ರಕ್ತದ ಹನಿ) ತೆಗೆಸಿ. ಚರ್ಮಗಂಟು ರೋಗದ ಲಸಿಕೆ ಹಾಕಿಸಿದ್ದೀರಾ ನೋಡಿ, ಅದನ್ನೂ ಕಚ್ಚುವ ನೊಣ, ಸೊಳ್ಳೆಗಳು ಹರಡುತ್ತವೆ. ಕುದುರೆನೊಣ ಕತ್ತಲ ಕೊಟ್ಟಿಗೆಗೆ ಸಾಮಾನ್ಯವಾಗಿ ನುಗ್ಗಲ್ಲ. ಬಿಸಿಲೇರಿದ ಮೇಲೆ ಒಳಗೇ ಕಟ್ಟಿ.

ಕೊಟ್ಟಿಗೆಮನೆ (24 ದಿನದ ನಂತರ):
ಸ್ಮಿಯರಲ್ಲಿ ಸರ್ರಾನೇ ಬಂತು. ಅವತ್ತೇ ಚಿಕಿತ್ಸೆ ಆಯಿತು, ಗಿಡ್ಡ ಈಗ ಮೇಯ್ತಿದೆ. ಅಡಿಸೊಪ್ಪು ಎತ್ತಿದಾಗ ಬಿಳಿ ಹುಳು ಗಿಜಿಗಿಜಿ ಅಂತಿತ್ತು, ನೋಡಿ ಹೊಟ್ಟೆ ತೊಳಸಿತು. ಈಗ ವಾರಕ್ಕೊಮ್ಮೆ ಎತ್ತುತ್ತಿದ್ದೇವೆ. ನಿನ್ನೆ ಮುಂಗಾಲಲ್ಲಿ ಎಣಿಸಿದರೆ ಎರಡೇ. ಹಾಲು ಆರೂವರೆ. ಹಸು ಮಧ್ಯಾಹ್ನ ಮಲಗಿ ಮೆಲುಕು ಹಾಕ್ತಿತ್ತು ಡಾಕ್ಟ್ರೇ, ಅಮ್ಮ ಕರೆದು ತೋರಿಸಿದರು.